ಬರೆಯುವ ಹಕ್ಕು: ಪಿಠೋರದ ಗೋಡೆ, ಭೂರಿಬಾಯಿ ಮತ್ತು ತೇಜುಬೆನ್

1

ಕನ್ನಡದಲ್ಲಿ ನಾವು ಚಿತ್ರವನ್ನು ‘ಬರೆಯುತ್ತೇವೆ’. ಅಕ್ಷರಕ್ಕೂ ಆಕೃತಿಗೂ ಒಂದೇ ಧಾತುವನ್ನು ಬಳಸುವ ಈ ರೂಢಿ ತೀರ ಹಳೆಯದು. ತಮಿಳಿನ ‘ವರೈ’ ಧಾತುವಿನಲ್ಲಿಯೂ ಗೀಚುವುದು, ಚಿತ್ರಿಸುವುದು, ಬರೆಯುವುದು ಎಂಬ ಅರ್ಥಗಳು ಒಂದರೊಡನೊಂದು ಬೆರೆತಿವೆ. ಚಿತ್ರವೂ ಒಂದು ಬಗೆಯ ಪಠ್ಯ ಎಂಬ ತಿಳಿವು ಭಾಷೆಯ ಒಳಗೇ ಅಡಗಿರುವಾಗ, ಸಾಹಿತ್ಯದ ವಿದ್ಯಾರ್ಥಿಯು ಚಿತ್ರದ ಬಗ್ಗೆ ಮಾತನಾಡುವುದು ಅನಧಿಕಾರದ ಪ್ರವೇಶವೆನಿಸಲಾರದು.

ಗುಜರಾತಿನ ವಡೋದರಾ ನಗರದಿಂದ ಪೂರ್ವಕ್ಕೆ, ಮಧ್ಯಪ್ರದೇಶದ ಗಡಿಯವರೆಗೆ ಹಬ್ಬಿರುವ ಛೋಟಾ ಉದೇಪುರ ಸೀಮೆಯ ರಾಠವಾ ಆದಿವಾಸಿಗಳಲ್ಲಿಯೂ ಇಂಥದೇ ತಿಳಿವಿದೆ. ಅವರ ಮನೆಯ ಗೋಡೆಯ ಮೇಲೆ ಮೂಡುವ ಪಿಠೋರ ಚಿತ್ರವನ್ನು ರಚಿಸುವವನ ಹೆಸರು ‘ಲಖಾರಾ’, ಎಂದರೆ ಬರೆಯುವವನು. ಅವನು ಬರೆದುದನ್ನು ಒಂದೊಂದಾಗಿ ಗುರುತಿಸಿ, ಹೆಸರಿಸಿ, ಒಪ್ಪುವವನು ‘ಬಡವೋ’ ಎಂಬ ಪೂಜಾರಿ. ಒಬ್ಬನು ಬರೆಯುತ್ತಾನೆ, ಇನ್ನೊಬ್ಬನು ಓದುತ್ತಾನೆ. ಲಿಪಿಯಿಲ್ಲದ ಸಮುದಾಯವೆಂದು ನಾವು ಹಗುರವಾಗಿ ಕರೆಯುವ ಜನರಲ್ಲಿ ಬರಹ ಮತ್ತು ಓದಿನ ವ್ಯವಸ್ಥೆ ಇಷ್ಟು ಖಚಿತವಾಗಿ ವಿಂಗಡವಾಗಿರುವುದು ಗಮನಾರ್ಹ ಸಂಗತಿ.

ಆದರೆ ಬರಹದ ವ್ಯವಸ್ಥೆ ಇರುವಲ್ಲೆಲ್ಲ ಬರೆಯುವ ಹಕ್ಕು ಯಾರದು ಎಂಬ ಪ್ರಶ್ನೆಯೂ ಇರುತ್ತದೆ. ಪಿಠೋರದ ಗೋಡೆಯ ಮೇಲೆ ಹೆಂಗಸಿಗೆ ಸಾಂಪ್ರದಾಯಿಕವಾಗಿ ಆ ಹಕ್ಕಿಲ್ಲ. ಈ ಚಿತ್ರಲೋಕದ ನೆರೆಯಲ್ಲಿಯೇ ಹುಟ್ಟಿದ ಭೀಲ ಸಮುದಾಯದ ಭೂರಿಬಾಯಿ ಹಾಗೂ ಅಹಮದಾಬಾದಿನಲ್ಲಿ ನೆಲೆಸಿ ಚಿತ್ರಕಾರ್ತಿಯಾದ ಅಲೆಮಾರಿ ಜೋಗಿ ಸಮುದಾಯದ ತೇಜುಬೆನ್, ಈ ಇಬ್ಬರ ಬದುಕು ಮತ್ತು ಕೃತಿಗಳನ್ನು ಆ ಪ್ರಶ್ನೆಯ ಬೆಳಕಿನಲ್ಲಿ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ. ಆದಿವಾಸಿ ಚಿತ್ರಕಲೆ ಗೋಡೆಯಿಂದ ಕಾಗದಕ್ಕೆ ಇಳಿದಾಗ ಅದರ ಸತ್ವ ಸೋರಿಹೋಯಿತು ಎಂಬ ವಿಷಾದದ ಮಾತು ನಮ್ಮ ಜಾನಪದ ವಿಮರ್ಶೆಯಲ್ಲಿ ಬಹುಕಾಲದಿಂದ ಕೇಳಿಬರುತ್ತಿದೆ. ಆ ವಿಷಾದವು ಯಾರ ಗೋಡೆಯನ್ನು ಕುರಿತದ್ದು ಎಂದು ಕೇಳಬೇಕಾಗಿದೆ.

2

ಪಿಠೋರವು ಅಲಂಕಾರದ ಚಿತ್ರವಲ್ಲ, ಹರಕೆಯ ಚಿತ್ರ. ಮನೆಯಲ್ಲಿ ಕಾಯಿಲೆ, ದನಕರುಗಳ ಸಾವು, ಬೆಳೆಯ ನಾಶ ಮೊದಲಾದ ಸಂಕಟಗಳು ಬಂದಾಗ ಯಜಮಾನನು ಬಾಬಾ ಪಿಠೋರೋ ದೇವರಿಗೆ ಹರಕೆ ಹೊರುತ್ತಾನೆ. ಸಂಕಟ ಕಳೆದ ಮೇಲೆ, ಕೈಯಲ್ಲಿ ಕಾಸು ಕೂಡಿದಾಗ, ದೇವರನ್ನು ಮನೆಗೆ ಬರೆಸಿಕೊಳ್ಳುತ್ತಾನೆ. ಜಗುಲಿಯನ್ನು ಒಳಮನೆಯಿಂದ ಬೇರ್ಪಡಿಸುವ ಗೋಡೆ ಹಾಗೂ ಅದರ ಇಕ್ಕೆಲದ ಗೋಡೆಗಳು ಇದಕ್ಕೆ ಮೀಸಲು. ಬಣ್ಣದ ಪುಡಿಗಳನ್ನು ಹಾಲಿನಲ್ಲಿಯೂ ಮಹುವಾ ಹೂವಿನ ಮದ್ಯದಲ್ಲಿಯೂ ಕಲಸುತ್ತಾರೆ. ಲಖಾರಾಗಳು ಬರೆಯುತ್ತಿರುವಾಗ ಹಾಡು ವಾದ್ಯಗಳು ನಡೆಯುತ್ತವೆ; ಬಡವೋ ಆವೇಶಕ್ಕೊಳಗಾಗಿ ಚಿತ್ರದ ಒಂದೊಂದು ಕುದುರೆಯನ್ನೂ ಗುರುತಿಸುತ್ತಾನೆ. ಬಿಟ್ಟುಹೋದದ್ದು ಇದ್ದರೆ ಅಲ್ಲಿಯೇ ಬರೆಸುತ್ತಾನೆ. ಪಾಠ ಶುದ್ಧವಾದ ಮೇಲೆಯೇ ದೇವರು ನೆಲೆಗೊಂಡಂತೆ.

ಈ ವಿಧಿಯಲ್ಲಿ ಹೆಂಗಸರ ಪಾಲು ಯಾವುದು? ಗೋಡೆಯನ್ನು ಸಗಣಿ, ಮಣ್ಣುಗಳಿಂದ ಸಾರಿಸಿ, ಅದರ ಮೇಲೆ ಬಿಳಿಯ ಮಣ್ಣನ್ನು ಬಳಿದು ಚಿತ್ರಕ್ಕೆ ಹದಗೊಳಿಸುವವರು ಮದುವೆಯಾಗದ ಹುಡುಗಿಯರು. ಅವರ ಕೈ ಸೋಕದೆ ಗೋಡೆ ಶುದ್ಧವಾಗುವುದಿಲ್ಲ; ಆದರೆ ಗೋಡೆ ಶುದ್ಧವಾದೊಡನೆ ಅವರ ಕೆಲಸ ಮುಗಿಯಿತು. ಚಿತ್ರದೊಳಗೆ ಹೆಂಗಸರಿದ್ದಾರೆ: ಮಜ್ಜಿಗೆ ಕಡೆಯುವವಳು, ನೀರು ಹೊರುವವಳು. ಚಿತ್ರದ ಮುಂದೆಯೂ ಹೆಂಗಸರಿದ್ದಾರೆ. ಕುಂಚದ ಹಿಂದೆ ಮಾತ್ರ ಇಲ್ಲ.

ಈ ಗೈರುಹಾಜರಿಯು ಇನ್ನಷ್ಟು ಎದ್ದುಕಾಣಲು ಪಿಠೋರದ ಕಥೆಯೇ ಕಾರಣವಾಗಿದೆ. ರಾಠವಾಗಳ ಚಿತ್ರ ಮತ್ತು ಪುರಾಣಗಳನ್ನು ವಿಸ್ತಾರವಾಗಿ ದಾಖಲಿಸಿದ ಜ್ಯೋತೀಂದ್ರ ಜೈನ್ ಅವರ ‘ಪೇಂಟೆಡ್ ಮಿತ್ಸ್ ಆಫ್ ಕ್ರಿಯೇಷನ್’ ಎಂಬ ಗ್ರಂಥ 1984ರಲ್ಲಿ ಪ್ರಕಟವಾಯಿತು. ಮೌಖಿಕ ಪರಂಪರೆಯಲ್ಲಿ ಸಹಜವಾಗಿಯೇ ಪಾಠಾಂತರಗಳಿವೆ. ಕಥೆಯ ತಿರುಳು ಮಾತ್ರ ಇಷ್ಟು: ಕಾಲಿ ಕೋಯಲ್ ಎಂಬ ಕನ್ಯೆ ಕಂಡು ರಾಣಾನಿಂದ ಮಗುವನ್ನು ಪಡೆಯುತ್ತಾಳೆ. ಲೋಕಾಪವಾದಕ್ಕೆ ಅಂಜಿ ಕೂಸನ್ನು ನೀರಿನಲ್ಲಿ ತೇಲಿಬಿಡುತ್ತಾಳೆ. ರಾಣಿ ಕಾಜಲ್ ಅದನ್ನು ಎತ್ತಿಕೊಂಡು ಸಾಕುತ್ತಾಳೆ. ಆ ಕೂಸೇ ಪಿಠೋರೋ. ಬೆಳೆದ ಮೇಲೆ ತನ್ನ ಹುಟ್ಟಿನ ನೆಲೆಯನ್ನು ಅರಿತು, ದೇವತೆಗಳೆಲ್ಲ ಕುದುರೆಯೇರಿ ಬರುವ ದಿಬ್ಬಣದೊಡನೆ ಪಿಠೋರಿಯನ್ನು ಮದುವೆಯಾಗುತ್ತಾನೆ. ಗೋಡೆಯ ತುಂಬ ಸಾಲುಗಟ್ಟಿ ನಿಂತ ಕುದುರೆಗಳು ಆ ದಿಬ್ಬಣದವು.

ಕನ್ನಡದ ಓದುಗನಿಗೆ ಇಲ್ಲಿ ಕುಂತಿಯೂ ಕರ್ಣನೂ ನೆನಪಾಗದೆ ಇರಲಾರರು. ಪಂಪನ ಕಾವ್ಯದಲ್ಲಿ ಕರ್ಣನ ಪಾತ್ರ ಪಡೆದಿರುವ ಘನತೆ ನಮ್ಮ ವಿಮರ್ಶೆಗೆ ಸುಪರಿಚಿತ. ಆದರೆ ಎರಡು ಕಥನಗಳ ನಡುವಿನ ಅಂತರವೂ ಮುಖ್ಯ. ಪಂಪನಲ್ಲಿ ಹುಟ್ಟಿನ ಗುಟ್ಟು ದುರಂತದ ಬೀಜ. ರಾಠವಾಗಳಲ್ಲಿ ಅದು ಮಂಗಳದ ಮೂಲ. ಗಂಡನಿಲ್ಲದೆ ಹೆತ್ತವಳ ಮಗನೇ ಮನೆ ಕಾಯುವ ದೇವರಾಗಿ, ಅವನನ್ನು ಸಾಕಿದವಳೂ ದೇವತೆಯಾಗಿ ಗೋಡೆಯೇರುತ್ತಾರೆ. ಹೆಣ್ಣಿನ ಒಡಲಿನಿಂದ ಆರಂಭವಾಗಿ ಹೆಣ್ಣಿನ ಮಡಿಲಿನಲ್ಲಿ ಬೆಳೆಯುವ ಕಥೆಯಿದು. ಅದನ್ನು ಬರೆಯುವ ಕೈ ಮಾತ್ರ ಗಂಡಿನದು. ಇಂಥ ಸಂದರ್ಭದಲ್ಲಿ ‘ಸಮುದಾಯದ ಕಲೆ’, ‘ಅನಾಮಿಕ ಕಲಾವಿದ’ ಎಂಬ ನಮ್ಮ ರೂಢಿಯ ಪರಿಭಾಷೆ ಎಷ್ಟನ್ನು ಹೇಳುತ್ತದೆಯೋ ಅಷ್ಟನ್ನು ಮುಚ್ಚಿಡುತ್ತದೆ. ಸಮುದಾಯವೆಂಬುದು ಒಳಗೆ ಪಾಲುಗಳಿರುವ ಒಂದು ಮನೆ. ಅನಾಮಿಕತೆಯಲ್ಲಿಯೂ ಗಂಡು ಹೆಣ್ಣೆಂಬ ಭೇದವಿದೆ.

3

ಭೂರಿಬಾಯಿ ಹುಟ್ಟಿದ್ದು ಮಧ್ಯಪ್ರದೇಶದ ಝಾಬುವಾ ಜಿಲ್ಲೆಯ ಪಿಟೋಲ್ ಎಂಬ ಹಳ್ಳಿಯಲ್ಲಿ. ಗುಜರಾತಿನ ದಾಹೋದ್ ಜಿಲ್ಲೆಯ ಅಂಚಿಗೇ ಇರುವ ಊರಿದು. ರಾಜ್ಯಗಳ ಗಡಿರೇಖೆ ಭೀಲರ ಬದುಕನ್ನು ಎಂದೂ ವಿಭಜಿಸಿಲ್ಲ. ಭಾಷೆ, ಮದುವೆ, ಜಾತ್ರೆ, ಪಿಠೋರದ ಹರಕೆ ಎಲ್ಲವೂ ಗಡಿಯ ಎರಡೂ ಕಡೆ ಹರಡಿವೆ. ಮನೆಯ ಗೋಡೆಗಳನ್ನು ಸಾರಿಸಿ, ಸುಣ್ಣ, ಕೆಮ್ಮಣ್ಣು, ಅರಿಶಿನ, ಎಲೆಗಳ ರಸದಿಂದ ಅಲಂಕರಿಸುವ ಕೆಲಸವನ್ನು ಭೂರಿಬಾಯಿ ತಾಯಿಯ ಜೊತೆಯಲ್ಲಿ ಕಲಿತರು. ಅದು ಹೆಂಗಸರ ನಿತ್ಯದ ಗೋಡೆ. ಆದರೆ ಹರಕೆಯ ಗೋಡೆ, ಅದರ ಮೇಲಿನ ಪಿಠೋರದ ಕುದುರೆ, ಗಂಡಸರಿಗೆ ಸೇರಿದ್ದು. ಹೆಂಗಸರ ಪಾಲಿಗೆ ನಿಷಿದ್ಧ.

ಇಲ್ಲಿ ಗುಜರಾತಿನ ಮೂರು ಮಹಾನಗರಗಳ ಮಾತು ಬರಲೇಬೇಕು. ಝಾಬುವಾ, ದಾಹೋದ್, ಪಂಚಮಹಲ್ ಸೀಮೆಯ ಭೀಲರು ಮುಂಗಾರಿನ ಒಂದು ಬೆಳೆ ಕೈಸೇರಿದೊಡನೆ ಕುಟುಂಬ ಸಮೇತ ವಡೋದರಾ, ಅಹಮದಾಬಾದ್, ಸೂರತ್ ನಗರಗಳಿಗೆ ಕಟ್ಟಡದ ಕೂಲಿಗೆ ಹೊರಡುವುದು ತಲೆಮಾರುಗಳಿಂದ ನಡೆದುಬಂದಿದೆ. ಕಲ್ಲು ಗುಡ್ಡದ ಹೊಲದಲ್ಲಿ ನೀರಾವರಿಯಿಲ್ಲ, ಸಾಲ ತೀರುವುದಿಲ್ಲ. ನಗರದಲ್ಲಿ ಗೋಡೆಗಳು ಏಳುತ್ತಲೇ ಇರುತ್ತವೆ. ಗಂಡಸು ಗಾರೆ ಕಲಸಿದರೆ ಹೆಂಗಸು ಬಾಣಲಿಯಲ್ಲಿ ಅದನ್ನು ತಲೆಯ ಮೇಲೆ ಹೊರುತ್ತಾಳೆ. ಊರಿನಲ್ಲಿ ದೇವರ ಗೋಡೆಯನ್ನು ಹದಗೊಳಿಸಿ ಹಿಂದೆ ಸರಿಯುವ ಅದೇ ಕೈಗಳು ನಗರದಲ್ಲಿ ಅನ್ಯರ ಗೋಡೆಯನ್ನು ಕಟ್ಟಿ ಹಿಂದೆ ಸರಿಯುತ್ತವೆ. ಎರಡೂ ಕಡೆ ಗೋಡೆ ಅವಳಿಂದ ಆಗುತ್ತದೆ, ಅವಳದಾಗುವುದಿಲ್ಲ.

ಭೂರಿಬಾಯಿಯನ್ನು ಕೂಲಿ ಕರೆದೊಯ್ದದ್ದು ಪೂರ್ವದಿಕ್ಕಿನ ಭೋಪಾಲಕ್ಕೆ. ಚಾರ್ಲ್ಸ್ ಕೊರಿಯಾ ವಿನ್ಯಾಸಗೊಳಿಸಿದ ಭಾರತ ಭವನದ ಕಟ್ಟಡ ಅಲ್ಲಿ ಏಳುತ್ತಿತ್ತು. ಅದು ಉದ್ಘಾಟನೆಯಾದದ್ದು 1982ರ ಫೆಬ್ರವರಿಯಲ್ಲಿ. ಚಿಕ್ಕ ವಯಸ್ಸಿನಲ್ಲಿಯೇ ಮದುವೆಯಾಗಿ ಬಂದಿದ್ದ ಭೂರಿಬಾಯಿ ದಿನಕ್ಕೆ 6 ರೂಪಾಯಿ ಕೂಲಿಗೆ ಅಲ್ಲಿ ಇಟ್ಟಿಗೆ ಹೊರುತ್ತಿದ್ದರು. ಕಲಾ ಸಂಗ್ರಹಾಲಯದ ಹೊಣೆ ಹೊತ್ತಿದ್ದ ಚಿತ್ರಕಾರ ಜೆ. ಸ್ವಾಮಿನಾಥನ್ ಕೂಲಿ ಹೆಂಗಸರನ್ನು ಕಂಡು, ನಿಮ್ಮ ಊರಿನಲ್ಲಿ ಗೋಡೆಯ ಮೇಲೆ ಬರೆಯುವಂತೆ ಕಾಗದದ ಮೇಲೆ ಬರೆಯಬಲ್ಲಿರಾ ಎಂದು ಕೇಳಿದರು. ಭೂರಿಬಾಯಿಗೆ ಭೀಲಿಯ ಹೊರತು ಬೇರೆ ಮಾತು ಬಾರದು. ಕೂಲಿ ತಪ್ಪಿದರೆ ಗತಿಯೇನು ಎಂಬುದೇ ಅವರ ಮೊದಲ ಚಿಂತೆ. ಚಿತ್ರ ಬರೆದುದಕ್ಕೂ ದಿನದ ಹಣ ಸಿಕ್ಕಾಗ, ಕುಳಿತು ಮಾಡುವ ಕೆಲಸಕ್ಕೆ ಯಾರಾದರೂ ಹಣ ಕೊಡುತ್ತಾರೆಯೇ ಎಂದು ಅವರು ಬೆರಗಾದರು. ಈ ಬೆರಗನ್ನು ಮುಗ್ಧತೆಯೆಂದು ಓದುವುದು ತಪ್ಪು. ದುಡಿಮೆ ಯಾವುದು, ಅದರ ಬೆಲೆ ಯಾರು ಕಟ್ಟುತ್ತಾರೆ ಎಂಬುದರ ಬಗೆಗೆ ಒಬ್ಬ ಕೂಲಿಕಾರ್ತಿಯ ನಿಖರವಾದ ಪ್ರಶ್ನೆಯಿದು. ತಾನು ಇಟ್ಟಿಗೆ ಹೊತ್ತು ಕಟ್ಟಿದ ಸಂಗ್ರಹಾಲಯದೊಳಗೆ ತನ್ನ ಚಿತ್ರವೇ ಪ್ರವೇಶ ಪಡೆದದ್ದು ಭಾರತೀಯ ಕಲೆಯ ಇತಿಹಾಸದ ಒಂದು ವಿಲಕ್ಷಣ ಘಟನೆ.

ಕಾಗದದ ಮೇಲೆ ಅವರು ಏನನ್ನು ಬರೆದರು ಎಂಬುದು ವಿಮರ್ಶೆಗೆ ಮುಖ್ಯ. ಪಿಠೋರದ ಗೋಡೆಗೆ ಚೌಕಟ್ಟಿದೆ, ಕ್ರಮವಿದೆ. ಎಲ್ಲಿ ಯಾವ ಕುದುರೆ ಬರಬೇಕೆಂಬ ಕಟ್ಟಳೆಯಿದೆ. ಭೂರಿಬಾಯಿಯ ಕಾಗದದಲ್ಲಿ ದಿಬ್ಬಣವಿಲ್ಲ. ಅಲ್ಲಿ ಮರ, ನವಿಲು, ಜಿಂಕೆ, ಹಸು, ಮನೆ, ಜಾತ್ರೆ, ಬಾವಿಯ ದಂಡೆಯ ಹೆಂಗಸರು ಇದ್ದಾರೆ. ಆಕಾಶ ಭೂಮಿಗಳನ್ನು ಬೇರ್ಪಡಿಸುವ ಗೆರೆಯಿಲ್ಲ. ಆಕೃತಿಗಳು ತಳದ ಆಸರೆಯಿಲ್ಲದೆ ತೇಲುತ್ತವೆ. ಒಂದೊಂದು ಆಕೃತಿಯ ಮೈಯನ್ನೂ ಚುಕ್ಕಿಗಳ ಸಾಲುಗಳು ತುಂಬುತ್ತವೆ. ಚುಕ್ಕಿ ಭೀಲ ಚಿತ್ರಕಲೆಯ ಸಾಮಾನ್ಯ ಲಕ್ಷಣ. ಅದನ್ನು ಜೋಳದ ಕಾಳಿಗೂ ಪೂರ್ವಿಕರ ಸ್ಮರಣೆಗೂ ಸಂಬಂಧಿಸಿ ಹೇಳುವುದುಂಟು. ಆದರೆ ಒಬ್ಬೊಬ್ಬ ಭೀಲ ಕಲಾವಿದರ ಚುಕ್ಕಿಯ ಜೋಡಣೆ ಒಂದೊಂದು ಬಗೆ. ಬಲ್ಲವರು ಹೆಸರು ನೋಡದೆಯೇ ಕೃತಿಕಾರರನ್ನು ಗುರುತಿಸಬಲ್ಲರು. ವಚನಗಳ ಅಂಕಿತವನ್ನು ಬಲ್ಲ ನಮಗೆ ಈ ವ್ಯವಸ್ಥೆ ಅಪರಿಚಿತವಲ್ಲ. ರೂಪ ಎಲ್ಲರದು, ಮುದ್ರೆ ಒಬ್ಬರದು.

ಬರಬರುತ್ತ ಈ ಚಿತ್ರಗಳಲ್ಲಿ ಬಸ್ಸು, ಕಾರು, ವಿಮಾನಗಳೂ ಕಾಣಿಸಿಕೊಂಡವು. ಆಧುನಿಕತೆಯ ಸೋಂಕೆಂದು ಇವನ್ನು ತಳ್ಳಿಹಾಕುವಂತಿಲ್ಲ. ಛೋಟಾ ಉದೇಪುರದ ಲಖಾರಾಗಳೂ ಗೋಡೆಯ ಮೇಲೆ ರೈಲನ್ನು ಬರೆದದ್ದುಂಟು. ಕಂಡ ಲೋಕವನ್ನು ಚಿತ್ರದೊಳಕ್ಕೆ ಕರೆದುಕೊಳ್ಳುವುದು ಆ ಪರಂಪರೆಯ ಗುಣವೇ ಆಗಿದೆ. ಭೂರಿಬಾಯಿಯಲ್ಲಿ ಹೊಸತಾದದ್ದು ಇದು: ಯಾವುದನ್ನು ಕರೆದುಕೊಳ್ಳಬೇಕೆಂಬ ತೀರ್ಮಾನ ಬಡವೋನ ಒಪ್ಪಿಗೆಗೆ ಕಾಯಲಿಲ್ಲ. ಮಧ್ಯಪ್ರದೇಶ ಸರ್ಕಾರದ ಶಿಖರ ಸಮ್ಮಾನ 1986ರಲ್ಲಿಯೂ ಪದ್ಮಶ್ರೀ 2021ರಲ್ಲಿಯೂ ಅವರಿಗೆ ಸಂದವು.

4

ಹಾಗಾದರೆ ಕಾಗದವು ಹೆಣ್ಣಿಗೆ ಸದಾ ಬಿಡುಗಡೆಯನ್ನೇ ತರುವುದೇ? ಹೀಗೆಂದು ಸಾಮಾನ್ಯೀಕರಿಸಲು ಆಗದಂತೆ ತಡೆಯುವ ನಿದರ್ಶನ ಇದೇ ಪ್ರದೇಶದಲ್ಲಿದೆ. ಸೂರತ್ತಿನಿಂದ ದಕ್ಷಿಣಕ್ಕೆ, ವಲಸಾಡ್ ಸೀಮೆಯಿಂದ ಮಹಾರಾಷ್ಟ್ರದ ಡಹಾಣುವರೆಗೆ ವಾರ್ಲಿ ಆದಿವಾಸಿಗಳಿದ್ದಾರೆ. ಅವರಲ್ಲಿ ಮದುವೆಯ ಮನೆಯ ಗೋಡೆಯ ಮೇಲೆ ಪಾಲಘಾಟ ದೇವಿಯ ಚೌಕವನ್ನು ಅಕ್ಕಿಯ ಹಿಟ್ಟಿನಿಂದ ಬರೆಯುವ ಹಕ್ಕು ಮುತ್ತೈದೆಯರದು. ಅವರು ಬರೆಯದೆ ಮದುವೆ ನಡೆಯುವುದಿಲ್ಲ. ಅಲ್ಲಿ ಮಂತ್ರದ ಹಾಡನ್ನು ಹಾಡುವ ಧವಳೇರಿಯೂ ಹೆಂಗಸೇ. 1970ರ ದಶಕದ ಆರಂಭದಲ್ಲಿ ಭಾಸ್ಕರ ಕುಲಕರ್ಣಿಯವರ ಮೂಲಕ ವಾರ್ಲಿ ಚಿತ್ರ ಕಾಗದಕ್ಕೆ ಬಂದಾಗ ಜಗತ್ತಿಗೆ ಪರಿಚಿತವಾದ ಹೆಸರು ಜಿವ್ಯಾ ಸೋಮಾ ಮಶೆ ಎಂಬ ಗಂಡಸಿನದು. 2011ರಲ್ಲಿ ಪದ್ಮಶ್ರೀ ಪಡೆದು 2018ರಲ್ಲಿ ತೀರಿಕೊಂಡ ಮಶೆಯವರ ಪ್ರತಿಭೆ ಪ್ರಶ್ನಾತೀತ. ಆದರೆ ನಡೆದದ್ದನ್ನು ಗಮನಿಸಬೇಕು: ವಾರ್ಲಿಗಳಲ್ಲಿ ಹೆಂಗಸರ ಗೋಡೆ ಗಂಡಸರ ಕಾಗದವಾಯಿತು, ಭೀಲರಲ್ಲಿ ಗಂಡಸರ ಗೋಡೆಯ ಪಕ್ಕದಲ್ಲಿಯೇ ಹೆಂಗಸರ ಕಾಗದ ಹುಟ್ಟಿತು. ಒಂದೇ ದಶಕದ ಆಸುಪಾಸಿನಲ್ಲಿ, ಒಂದೇ ಪಶ್ಚಿಮ ಭಾರತದಲ್ಲಿ, ಒಂದೇ ಮಾಧ್ಯಮವು ತದ್ವಿರುದ್ಧವಾದ ಎರಡು ಫಲಗಳನ್ನು ಕೊಟ್ಟಿದೆ.

ಈ ಹೋಲಿಕೆಯಿಂದ ನಮ್ಮ ಮಲೆನಾಡಿನ ಹಸೆ ಚಿತ್ತಾರದ ಬಗೆಗೂ ಯೋಚಿಸಬೇಕಾಗುತ್ತದೆ. ಸಾಗರ, ಸೊರಬ ಸೀಮೆಯ ದೀವರ ಹೆಂಗಸರು ಅಕ್ಕಿಯ ಬಿಳಿ, ಕೆಮ್ಮಣ್ಣಿನ ಕೆಂಪು, ಸುಟ್ಟ ಅಕ್ಕಿಯ ಕಪ್ಪು, ಗುರಿಗೆ ಕಾಯಿಯ ಹಳದಿಗಳನ್ನು ಪುಂಡಿ ನಾರಿನ ಕುಂಚದಿಂದ ಎಳೆದು ಮದುವೆಯ ಗೋಡೆಯನ್ನು ಬರೆಯುತ್ತಾರೆ. ಆ ಗೋಡೆ ಅವರದೇ. ಚಿತ್ತಾರ ಚೌಕಟ್ಟಿನೊಳಗೆ ಸೇರಿ ಪೇಟೆಗೆ ಬಂದಾಗ ಆ ಹಕ್ಕು ಯಾರ ಕೈಗೆ ಹೋಗುತ್ತದೆ ಎಂಬುದನ್ನು ಕನ್ನಡದ ಜಾನಪದ ಸಂಶೋಧಕರು ಎಚ್ಚರದಿಂದ ನೋಡಬೇಕಾಗಿದೆ.

ಇನ್ನೊಂದು ಹೋಲಿಕೆ ದೂರದ್ದು. ಆಸ್ಟ್ರೇಲಿಯದ ಮೂಲನಿವಾಸಿ ಚಿತ್ರಕಾರ್ತಿ ಎಮಿಲಿ ಕಾಮೆ ಎನ್ಗ್ವಾರೇ ಮಧ್ಯ ಆಸ್ಟ್ರೇಲಿಯದ ಯುಟೋಪಿಯಾ ಎಂಬಲ್ಲಿಯವರು. 1970ರ ದಶಕದ ಕೊನೆಯಲ್ಲಿ ಅಲ್ಲಿನ ಹೆಂಗಸರ ಗುಂಪಿನೊಡನೆ ಬಟ್ಟೆಯ ಮೇಲೆ ಬಾಟಿಕ್ ಮಾಡತೊಡಗಿ, ಮುಪ್ಪಿನಲ್ಲಿ, 1988-89ರ ಸುಮಾರಿಗೆ, ಕ್ಯಾನ್ವಾಸಿಗೆ ಬಂದರು. 1996ರಲ್ಲಿ ತೀರಿಕೊಳ್ಳುವವರೆಗಿನ ಏಳೆಂಟು ವರ್ಷಗಳಲ್ಲಿ ಅವರು ಬರೆದ ಚಿತ್ರಗಳು ಜಗತ್ಪ್ರಸಿದ್ಧವಾದವು. 1997ರ ವೆನಿಸ್ ಬಿಯೆನಾಲೆಯಲ್ಲಿ ಆಸ್ಟ್ರೇಲಿಯವನ್ನು ಪ್ರತಿನಿಧಿಸಿದ ಕೃತಿಗಳಲ್ಲಿ ಅವೂ ಇದ್ದವು. ಅವರ ರೇಖೆಗಳ ಮೂಲ ಹೆಂಗಸರ ಆಚರಣೆಯಲ್ಲಿ ಎದೆ ಭುಜಗಳ ಮೇಲೆ ಬರೆದುಕೊಳ್ಳುವ ಪಟ್ಟಿಗಳು. ಎಂದರೆ ಎಮಿಲಿ ತಮ್ಮ ವಿಧಿಯ ಅಧಿಕಾರವನ್ನು ಹೊತ್ತುಕೊಂಡೇ ಕ್ಯಾನ್ವಾಸಿಗೆ ಬಂದರು. ಭೂರಿಬಾಯಿಗೆ ಹೊತ್ತುತರಲು ಅಂಥ ಅಧಿಕಾರವಿರಲಿಲ್ಲ. ನಿತ್ಯದ ಗೋಡೆಯ ಅಭ್ಯಾಸ, ನಿಷಿದ್ಧ ಗೋಡೆಯ ನೆನಪು, ಇವೆರಡರ ನಡುವಿನ ತೆರವಿನಲ್ಲಿ ಅವರು ತಮ್ಮ ಚಿತ್ರಭಾಷೆಯನ್ನು ಕಟ್ಟಿಕೊಳ್ಳಬೇಕಾಯಿತು. ‘ಆದಿವಾಸಿ ಮಹಿಳಾ ಕಲೆ’ ಎಂಬ ಒಂದೇ ಶೀರ್ಷಿಕೆಯಡಿ ಇಬ್ಬರನ್ನೂ ಸೇರಿಸಿಬಿಟ್ಟರೆ ಈ ವ್ಯತ್ಯಾಸ ಅಳಿಸಿಹೋಗುತ್ತದೆ.

5

ಈಗ ಅಹಮದಾಬಾದಿಗೆ ಬರಬಹುದು. ಗುಜರಾತಿನ ಆದಿವಾಸಿ ಹಾಗೂ ಜನಪದ ಕಲೆಯ ವಿಚಾರದಲ್ಲಿ ಈ ಮೂರು ನಗರಗಳನ್ನೂ ತನ್ನ ಬದುಕಿನಲ್ಲಿ ಬೆಸೆದ ವ್ಯಕ್ತಿ ಹಾಕು ಶಾ. ಅವರು 1934ರಲ್ಲಿ ಹುಟ್ಟಿದ್ದು ಅಂದಿನ ಸೂರತ್ ಜಿಲ್ಲೆಯ ವಾಲೋಡ್‌ನಲ್ಲಿ, ಚೌಧರಿ, ಗಾಮಿತ್ ಆದಿವಾಸಿಗಳ ನಡುವೆ. ಚಿತ್ರಕಲೆಯನ್ನು ಕಲಿತದ್ದು ವಡೋದರಾದ ಮಹಾರಾಜ ಸಯಾಜಿರಾವ್ ವಿಶ್ವವಿದ್ಯಾಲಯದಲ್ಲಿ. ಕೆಲಸ ಮಾಡಿದ್ದು ಅಹಮದಾಬಾದಿನಲ್ಲಿ. ಗಾಂಧೀಜಿ 1920ರಲ್ಲಿ ಸ್ಥಾಪಿಸಿದ ಗುಜರಾತ್ ವಿದ್ಯಾಪೀಠದಲ್ಲಿ ಆದಿವಾಸಿ ಸಂಗ್ರಹಾಲಯವನ್ನು ರೂಪಿಸಿದವರು ಅವರು. 1968ರಲ್ಲಿ ಸ್ಟೆಲಾ ಕ್ರಾಮ್ರಿಷ್ ಫಿಲಡೆಲ್ಫಿಯಾದಲ್ಲಿ ಏರ್ಪಡಿಸಿದ ‘ಅನ್‌ನೋನ್ ಇಂಡಿಯಾ’ ಪ್ರದರ್ಶನದ ಹಿಂದೆಯೂ ಅವರ ಶ್ರಮವಿತ್ತು. 2019ರಲ್ಲಿ ತೀರಿಕೊಂಡ ಹಾಕು ಶಾ ವಸ್ತುಗಳನ್ನು ಸಂಗ್ರಹಿಸಿದಂತೆಯೇ ಮನುಷ್ಯರನ್ನೂ ಗುರುತಿಸಿದರು. ಅವರಲ್ಲಿ ಗಣೇಶ ಜೋಗಿ ಮತ್ತು ಅವರ ಪತ್ನಿ ತೇಜುಬೆನ್ ಮುಖ್ಯರು.

ಜೋಗಿಗಳು ರಾಜಸ್ಥಾನದ ಅಲೆಮಾರಿ ಹಾಡುಗಾರರು. ನಸುಕಿನಲ್ಲಿ ಮನೆಮನೆಯ ಮುಂದೆ ಭಜನೆ ಹಾಡಿ, ಕೊಟ್ಟ ಕಾಳು ಬಟ್ಟೆಗಳನ್ನು ಪಡೆದು ಬದುಕುವವರು. ಬರಗಾಲ ಮತ್ತು ಬಡತನ ಅವರನ್ನು ನಗರಗಳ ಕಡೆ ತಳ್ಳಿದವು. ಅಲೆದಾಟದ ಬಳಿಕ ಅಹಮದಾಬಾದಿನಲ್ಲಿ ನೆಲೆ ನಿಂತ ಈ ದಂಪತಿಗಳಿಗೆ, ಹಾಡುವುದನ್ನೇ ಕಾಗದದ ಮೇಲೆ ಬರೆಯಿರಿ ಎಂದು ಒತ್ತಾಸೆ ಕೊಟ್ಟವರು ಹಾಕು ಶಾ. ಮೊದಲು ಬರೆದದ್ದು ಗಣೇಶ ಜೋಗಿ. ಗಂಡನಿಂದ ಪ್ರೇರಣೆ ಪಡೆದು ತೇಜುಬೆನ್ ಲೇಖನಿ ಹಿಡಿದರು. ಇವರು ಭೀಲರಂತೆ ಆದಿವಾಸಿಗಳೆಂದು ಪರಿಗಣಿತರಾದವರಲ್ಲ. ಗೋಡೆಯ ಚಿತ್ರದ ಪರಂಪರೆಯೂ ಇವರದಲ್ಲ. ಆದರೂ ಬರೆಯುವ ಹಕ್ಕಿನ ಪ್ರಶ್ನೆ ಇಲ್ಲಿ ಇನ್ನೊಂದು ಮುಖದಿಂದ ಕಾಣಿಸಿಕೊಳ್ಳುತ್ತದೆ.

ತೇಜುಬೆನ್ ತಮ್ಮ ಬದುಕನ್ನು ಹೇಳಿಕೊಂಡು ಚಿತ್ರಿಸಿದ ‘ಡ್ರಾಯಿಂಗ್ ಫ್ರಮ್ ದ ಸಿಟಿ’ ಎಂಬ ಪುಸ್ತಕವನ್ನು ಚೆನ್ನೈನ ತಾರಾ ಬುಕ್ಸ್ 2012ರಲ್ಲಿ ಕೈಯಿಂದ ಸ್ಕ್ರೀನ್ ಮುದ್ರಣ ಮಾಡಿ ಪ್ರಕಟಿಸಿತು. ಕಪ್ಪು ಶಾಯಿಯ ಗೆರೆ ಮತ್ತು ಚುಕ್ಕಿಗಳ ಹೊರತು ಅದರ ಚಿತ್ರಗಳಲ್ಲಿ ಬೇರೇನೂ ಇಲ್ಲ. ಹಳ್ಳಿಯ ಬಾಲ್ಯ, ರೈಲಿನ ಪ್ರಯಾಣ, ನಗರದ ದಟ್ಟಣೆ, ಹಾಡು, ಮದುವೆ, ಕೊನೆಗೆ ಚಿತ್ರ: ಕಥೆಯ ಹಂದರ ಸರಳವಾದದ್ದು. ಆದರೆ ಚಿತ್ರಗಳು ಕಥೆಗಿಂತ ಮುಂದೆ ಹೋಗುತ್ತವೆ. ಗೆರೆಗಳು ನೇಯ್ದಷ್ಟು ದಟ್ಟವಾಗಿ ಕಾಗದವನ್ನು ತುಂಬುತ್ತವೆ. ಕಾರುಗಳಲ್ಲಿ ಹೆಂಗಸರೇ ಕುಳಿತಿದ್ದಾರೆ. ಕೊನೆಕೊನೆಗೆ ವಿಮಾನವೂ ಆಕಾಶವೂ ಹೆಂಗಸರದಾಗುತ್ತವೆ. ತಾನು ಏರದ ವಾಹನವನ್ನು ತನ್ನ ರೇಖೆಯಲ್ಲಿ ಇತರ ಹೆಂಗಸರಿಗೆ ಏರಲು ಕೊಡುವ ಔದಾರ್ಯ ಈ ಚಿತ್ರಗಳ ಮೂಲದ್ರವ್ಯ.

ಗಂಡನಿಂದ ಕಲಿತ ರೇಖೆ, ಗಂಡನದಲ್ಲದ ಲೋಕ. ಇದನ್ನು ನೋಡುವಾಗ ಹನ್ನೆರಡನೆಯ ಶತಮಾನದ ಆಯ್ದಕ್ಕಿ ಲಕ್ಕಮ್ಮನ ಅಂಕಿತ ನೆನಪಿಗೆ ಬರುತ್ತದೆ. ಆಕೆಯ ಅಂಕಿತದಲ್ಲಿ ಪತಿ ಮಾರಯ್ಯನ ಹೆಸರೇ ಸೇರಿದೆ. ಆದರೆ ಅಗತ್ಯಕ್ಕಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದ ಮಾರಯ್ಯನನ್ನು ತಿದ್ದುವವಳೂ ಆಕೆಯೇ. ಅಂಕಿತದಲ್ಲಿ ಗಂಡನ ಹೆಸರಿರುವುದರಿಂದ ಆಕೆಯ ವಚನ ಗಂಡನ ಮಾತಾಗುವುದಿಲ್ಲ. ವಚನಕಾರ್ತಿಯರನ್ನು ಕುರಿತ ನಮ್ಮ ಸಂಶೋಧನೆ ಬಹುಕಾಲ ಅವರನ್ನು ‘ಇಂಥವರ ಪುಣ್ಯಸ್ತ್ರೀ’ ಎಂಬ ಗುರುತಿನಲ್ಲಿಯೇ ನೋಡಿತು. ಅವರ ಮಾತುಗಳು ನಮಗೆ ತಲುಪಿದ್ದು ಬಹುಮಟ್ಟಿಗೆ ಗಂಡಸರು ಸಂಕಲಿಸಿದ ಕಟ್ಟುಗಳ ಮೂಲಕ ಎಂಬುದನ್ನೂ ಮರೆತಿತು. ತೇಜುಬೆನ್ ವಿಷಯದಲ್ಲಿಯೂ ‘ಹಾಕು ಶಾ ಕಂಡುಹಿಡಿದವರು’, ‘ಗಣೇಶ ಜೋಗಿಯ ಪತ್ನಿ’ ಎಂಬ ಮಾತುಗಳು ಮೊದಲು ಬರುತ್ತವೆ. ಎರಡೂ ನಿಜ. ಚಿತ್ರದ ಅರ್ಥ ಮಾತ್ರ ಆ ಎರಡರಲ್ಲಿ ಮುಗಿಯುವುದಿಲ್ಲ.

6

ಇಲ್ಲಿ ಎರಡು ಆಕ್ಷೇಪಗಳನ್ನು ಎದುರಿಸಬೇಕು. ಮೊದಲನೆಯದು ಆಶ್ರಯದ ಪ್ರಶ್ನೆ. ಸ್ವಾಮಿನಾಥನ್ ಕೇಳದಿದ್ದರೆ ಭೂರಿಬಾಯಿ ಬರೆಯುತ್ತಿದ್ದರೇ? ಹಾಕು ಶಾ ಇಲ್ಲದಿದ್ದರೆ ತೇಜುಬೆನ್ ಯಾರು? ನಗರದ ವಿದ್ಯಾವಂತ ಕಲಾವಿದನ ಅಭಿರುಚಿಯೇ ಇಲ್ಲಿ ಬಡವೋನ ಸ್ಥಾನವನ್ನು ಆಕ್ರಮಿಸಿತಲ್ಲವೇ? ಈ ಆಕ್ಷೇಪದಲ್ಲಿ ಹುರುಳಿದೆ. ಯಾರು ಕಲಾವಿದರು, ಯಾವುದು ಕೊಳ್ಳತಕ್ಕ ಚಿತ್ರ ಎಂಬ ನಿರ್ಣಯ ಇಂದಿಗೂ ಬಹುಮಟ್ಟಿಗೆ ಆದಿವಾಸಿಯೇತರರ ಕೈಯಲ್ಲಿದೆ. ಭಾರತ ಭವನವೇ ಬೆಳಕಿಗೆ ತಂದ ಗೋಂಡ ಚಿತ್ರಕಾರ ಜಂಗಡ್ ಸಿಂಗ್ ಶ್ಯಾಮ್ 2001ರಲ್ಲಿ ಜಪಾನಿನ ಸಂಗ್ರಹಾಲಯವೊಂದಕ್ಕೆ ಚಿತ್ರ ಬರೆಯಲು ಹೋಗಿ ಅಲ್ಲಿಯೇ ಸಾವಿಗೀಡಾದದ್ದು ಆಶ್ರಯದ ಕರಾಳ ಮುಖವನ್ನು ತೋರಿಸಿತು. ಒಂದು ಮಾತನ್ನು ಮಾತ್ರ ಸೇರಿಸಬೇಕು. ಆಶ್ರಯವು ಅವಕಾಶವನ್ನು ಕೊಡಬಲ್ಲದು, ಚಿತ್ರವನ್ನು ಕೊಡಲಾರದು. ಪಂಪನಿಗೆ ಅರಿಕೇಸರಿಯ ಆಶ್ರಯವಿತ್ತೆಂದು ನಾವು ಅವನ ಕಾವ್ಯವನ್ನು ಅರಿಕೇಸರಿಯ ಲೆಕ್ಕಕ್ಕೆ ಬರೆಯುವುದಿಲ್ಲ. ಅರಸನ ಆಸ್ಥಾನದಲ್ಲಿದ್ದ ಕವಿಗೆ ನೀಡುವ ಸ್ವಾತಂತ್ರ್ಯದ ಗೌರವವನ್ನು ಇಟ್ಟಿಗೆ ಹೊತ್ತವಳಿಗೆ ನಿರಾಕರಿಸಲು ಯಾವ ಕಾರಣವಿದೆ?

ಎರಡನೆಯದು ಅಸಲುತನದ ಪ್ರಶ್ನೆ. ವಿಧಿಯಿಂದ ಬೇರ್ಪಟ್ಟ ಚಿತ್ರ ಬರಿಯ ಸರಕು ಎಂಬುದು ಆ ವಾದ. ಪಿಠೋರದ ಕುದುರೆಗಳು ಇಂದು ಸೀರೆ, ಕೈಚೀಲ, ಹೋಟೆಲಿನ ಗೋಡೆಗಳ ಮೇಲೆ ಓಡುತ್ತಿರುವುದನ್ನು ಕಂಡಾಗ ಈ ವಾದಕ್ಕೆ ಬಲ ಬರುತ್ತದೆ. ಪಿಠೋರ ಕಲೆಗಾಗಿ ಛೋಟಾ ಉದೇಪುರದ ಪರೇಶ್ ರಾಠವಾ ಅವರಿಗೆ 2023ರಲ್ಲಿ ಪದ್ಮಶ್ರೀ ಸಂದಿತು. ಗೌರವದೊಡನೆ ಮಾರುಕಟ್ಟೆಯೂ ಬೆಳೆಯುವುದು ಸಹಜ. ಹರಕೆ ಹೊತ್ತ ಮನೆಯಲ್ಲಿ ರಾತ್ರಿಯಿಡೀ ನಡೆಯುವ ಬರಹಕ್ಕೂ ಅಂಗಡಿಯ ಹಲಗೆಗೂ ಇರುವ ಅಂತರವನ್ನು ಯಾರೂ ಅಲ್ಲಗಳೆಯಲಾರರು. ಆದರೆ ಭೂರಿಬಾಯಿ ಕಳೆದುಕೊಂಡರೆಂದು ನಾವು ಮರುಗುವ ಆ ವಿಧಿಯ ಗೋಡೆ ಅವರಿಗೆ ಎಂದೂ ದಕ್ಕಿರಲಿಲ್ಲ. ತನ್ನದಲ್ಲದ್ದನ್ನು ಕಳೆದುಕೊಳ್ಳುವುದು ಸಾಧ್ಯವಿಲ್ಲ. ಲಖಾರಾನ ಪಾಲಿಗೆ ಕಾಗದ ಒಂದು ಇಳಿತವಾಗಿರಬಹುದು. ಅವಳ ಪಾಲಿಗೆ ಅದು ಮೊದಲ ನೆಲ. ಒಂದೇ ಪರಂಪರೆಯ ಒಂದೇ ಸ್ಥಿತ್ಯಂತರವನ್ನು ಇಬ್ಬರೂ ಒಂದೇ ರೀತಿಯಲ್ಲಿ ಅನುಭವಿಸಿರಲಾರರು ಎಂಬ ವಿವೇಕ ನಮ್ಮ ಅಸಲುತನದ ಚರ್ಚೆಗೆ ಬೇಕಾಗಿದೆ.

ಗಣೇಶ ದೇವಿಯವರು 1996ರಲ್ಲಿ ವಡೋದರಾದಲ್ಲಿ ಭಾಷಾ ಸಂಶೋಧನ ಕೇಂದ್ರವನ್ನೂ ಮುಂದೆ ತೇಜಗಢದಲ್ಲಿ ಆದಿವಾಸಿ ಅಕಾಡೆಮಿಯನ್ನೂ ಕಟ್ಟಿದಾಗ, ಆದಿವಾಸಿಗಳು ಅಧ್ಯಯನದ ವಸ್ತುವಾಗುವುದನ್ನು ಬಿಟ್ಟು ಅಧ್ಯಯನದ ಕರ್ತೃಗಳಾಗಬೇಕೆಂಬ ಆಶಯವಿತ್ತು. ಆ ಆಶಯವನ್ನು ಇನ್ನೂ ಒಂದು ಹೆಜ್ಜೆ ಮುಂದೆ ಒಯ್ಯಬೇಕು. ಪಿಠೋರದ ಗೋಡೆಯನ್ನು ಸಾರಿಸಿದ ಹುಡುಗಿಯರು ಆ ಚಿತ್ರವನ್ನು ಹೇಗೆ ಓದುತ್ತಾರೆ, ಕಾಲಿ ಕೋಯಲಳ ಕಥೆಯನ್ನು ತಮ್ಮತಮ್ಮಲ್ಲಿ ಹೇಗೆ ಹೇಳಿಕೊಳ್ಳುತ್ತಾರೆ ಎಂಬುದನ್ನು ದಾಖಲಿಸದೆ ಪಿಠೋರದ ಅಧ್ಯಯನ ಪೂರ್ಣವಾಗಲಾರದು. ಬಡವೋನ ಓದು ಅಧಿಕೃತ ಪಾಠ. ಗ್ರಂಥಸಂಪಾದನೆಯ ಶಿಸ್ತಿನಲ್ಲಿ ಪಳಗಿದವರಿಗೆ ಒಂದೇ ಪ್ರತಿಯನ್ನು ನಂಬಿ ಪಾಠವನ್ನು ನಿರ್ಣಯಿಸಬಾರದೆಂಬ ಎಚ್ಚರ ಮೊದಲ ಪಾಠವೇ ಆಗಿರುತ್ತದೆ.

7

ಭೋಪಾಲದ ಮಧ್ಯಪ್ರದೇಶ ಆದಿವಾಸಿ ಸಂಗ್ರಹಾಲಯದಲ್ಲಿ ಭೂರಿಬಾಯಿ ಉದ್ದವಾದ ಒಂದು ಗೋಡೆಯ ಮೇಲೆ ತಮ್ಮ ಬದುಕಿನ ಕಥೆಯನ್ನು ಬರೆದಿದ್ದಾರೆ. ಬಾಲ್ಯದ ಹಳ್ಳಿ, ಕಟ್ಟಡದ ಕೂಲಿ, ಸ್ವಾಮಿನಾಥನ್ ಜೊತೆಗಿನ ಭೇಟಿ, ಕೈಗೆ ಬಂದ ಕುಂಚ ಎಲ್ಲವೂ ಅಲ್ಲಿವೆ. ಸಾರಿಸಿ ಹಿಂದೆ ಸರಿಯಬೇಕಾಗಿದ್ದ, ಕಟ್ಟಿ ಹಿಂದೆ ಸರಿಯಬೇಕಾಗಿದ್ದ ಕೈ ಕಾಗದದ ದಾರಿಯಿಂದ ಮರಳಿ ಗೋಡೆಗೆ ಬಂದಿದೆ. ಈ ಗೋಡೆಗೆ ಹರಕೆಯಿಲ್ಲ, ದಿಬ್ಬಣವಿಲ್ಲ, ಪಾಠವನ್ನು ಒಪ್ಪಬೇಕಾದ ಬಡವೋ ಇಲ್ಲ. ದೇವರ ಕಥೆ ಇರುತ್ತಿದ್ದ ಎಡೆಯಲ್ಲಿ ಒಬ್ಬ ಕೂಲಿ ಹೆಂಗಸಿನ ಕಥೆ ನಿಂತಿದೆ.

ಅಹಮದಾಬಾದ್, ವಡೋದರಾ, ಸೂರತ್ ನಗರಗಳ ಹೊರವಲಯದಲ್ಲಿ ಇಂದಿಗೂ ಗಡಿಯಾಚೆಯ, ಗಡಿಯೀಚೆಯ ಭೀಲ ಹೆಂಗಸರು ಗಾರೆ ಹೊರುತ್ತಿದ್ದಾರೆ. ಅವರಲ್ಲಿ ಎಷ್ಟು ಮಂದಿ ಊರಿನ ಗೋಡೆಯನ್ನು ಹದಗೊಳಿಸಿ ಬಂದವರೋ, ಎಷ್ಟು ಮಂದಿಯ ಕೈಯಲ್ಲಿ ಚುಕ್ಕಿಯ ಸಾಲುಗಳಿವೆಯೋ ಕೇಳಿದವರು ಕಡಿಮೆ. ಭೂರಿಬಾಯಿಯನ್ನು ಅಪವಾದವೆಂದು ಕೊಂಡಾಡುವ ವಿಮರ್ಶೆ ಈ ಪ್ರಶ್ನೆಯಿಂದ ನುಣುಚಿಕೊಳ್ಳುತ್ತದೆ. ಅವರನ್ನು ಸರಿಯಾಗಿ ಓದುವುದೆಂದರೆ, ಆ ಚಿತ್ರಗಳ ಮುಂದೆ ನಿಂತಾಗ ಬರೆಯದೆ ಉಳಿದವರ ಲೆಕ್ಕವನ್ನೂ ಇಟ್ಟುಕೊಳ್ಳುವುದು.